ಪಾವಗಡದ ನೀರು, ಹ್ಯಾಮಿಲ್ಟನ್ನಿನ ಮತ

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿರುವ ಲಿಂಗರಾಜನ ಮನೆಗೆ 2013ರ ಸೆಪ್ಟೆಂಬರಿನಲ್ಲಿ ಎರಡು ಲಕೋಟೆಗಳು ಬಂದವು. ಒಂದು ಅವನ ಹೆಸರಿಗೆ, ಇನ್ನೊಂದು ಹೆಂಡತಿ ಉಷಾಳ ಹೆಸರಿಗೆ. ಅಂಚೆಯಲ್ಲೇ ಮತ ಕಳಿಸುವ ನಗರ ಕೌನ್ಸಿಲ್ ಚುನಾವಣೆಯ ಮತಪತ್ರದ ಜೊತೆ ಒಂದು ಪ್ರಶ್ನೆಯೂ ಇತ್ತು: ಊರಿನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಬೇಕೇ, ಬೇಡವೇ? ಹಲ್ಲು ಹುಳುಕಾಗದಿರಲಿ ಎಂದು ವರ್ಷಗಳಿಂದ ಬೆರೆಸುತ್ತಿದ್ದುದನ್ನು ಕೌನ್ಸಿಲ್ ಆ ಜೂನಿನ ಚಳಿಗಾಲದಲ್ಲಿ ನಿಲ್ಲಿಸಿತ್ತು. ಈಗ ಜನ ಏನನ್ನುತ್ತಾರೆ ಎಂದು ಕೇಳಿತ್ತು.

ಲಿಂಗರಾಜನಿಗೆ ಯೋಚಿಸುವುದೇ ಬೇಕಿರಲಿಲ್ಲ. ಅವನು ಪಾವಗಡದ ಕಡೆಯವನು. ಅಲ್ಲಿ ಕೊಳವೆಬಾವಿಯಿಂದ ಬರುವ ನೀರಿನಲ್ಲೇ ಫ್ಲೋರೈಡ್. ಅದನ್ನು ಕುಡಿದು ಕುಡಿದು ಅವನ ಅಕ್ಕ ಅಂಬುಜಾಳ ಮಂಡಿ ಬಾಗಿತು, ಬೆನ್ನು ಬಿಗಿಯಿತು. ಐವತ್ತು ತುಂಬುವ ಮೊದಲೇ ಅವಳು ಗೋಡೆ ಹಿಡಿದು ನಡೆಯುವಂತಾದಳು. ಹಾಗಾಗಿ ಲಿಂಗರಾಜ ನ್ಯೂಜಿಲೆಂಡಿಗೆ ಬಂದ ಮೊದಲ ವಾರದಿಂದಲೇ ಮನೆಗೆ ಕ್ಯಾನಿನ ನೀರು ತಂದ, ಹುಡುಕಿ ಹುಡುಕಿ ಫ್ಲೋರೈಡ್ ಇಲ್ಲದ ಪೇಸ್ಟ್ ತಂದ. ಆಫೀಸಿನಲ್ಲಿ ಪ್ರತಿಯೊಂದಕ್ಕೂ ಅಳತೆ ಕೇಳಿ ಎಲ್ಲರ ತಲೆ ತಿನ್ನುವ ಇಂಜಿನಿಯರ್ ಈ ಮಹಾಶಯ. ಇದೊಂದರಲ್ಲಿ ಮಾತ್ರ ಅಳತೆಯ ಗೋಜಿಗೇ ಹೋಗಲಿಲ್ಲ.

ಸಾಲದ್ದಕ್ಕೆ, ಕನ್ನಡದವರೆಲ್ಲ ಸೇರಿದ ಭಾನುವಾರದ ಊಟದಲ್ಲಿ ಎದ್ದು ನಿಂತು ಅಕ್ಕನ ಕಥೆ ಹೇಳಿದ. ಹೇಳುತ್ತಾ ಅತ್ತುಬಿಟ್ಟ. ಕೇಳಿದವರ ಕರುಳು ಚುರುಕ್ ಎಂದಿತು. ಗೆಳೆಯ ಗುರುದತ್‌ನ ಮನೆಯವರೂ ಇನ್ನೆರಡು ಮನೆಯವರೂ ಮಾರನೆಯ ದಿನವೇ "ಬೇಡ" ಎಂದು ಗುರುತು ಹಾಕಿ ಪೋಸ್ಟ್ ಮಾಡಿದರು. ಲಿಂಗರಾಜನ ಮನೆಯ ಲಕೋಟೆಗಳು ಮಾತ್ರ ಒಡೆಯದೆ ಮೈಕ್ರೋವೇವ್ ಮೇಲೆ ಬಿದ್ದಿದ್ದವು. ಆರು ವರ್ಷದ ಮಗಳು ಮಾನ್ಯಳ ಹಲ್ಲುನೋವಿನ ಗಲಾಟೆಯಲ್ಲಿ ಅವನಿಗೆ ಬೇರೇನೂ ತೋಚುತ್ತಿರಲಿಲ್ಲ. ಮಗು ಮೂರು ವಾರದಿಂದ ಗಂಜಿ, ಮೊಸರನ್ನದ ಮೇಲೆಯೇ ಇತ್ತು.

ಅಕ್ಟೋಬರ್ ಏಳು, ಸೋಮವಾರ ಸಂಜೆ ಪಕ್ಕದ ಬೀದಿಯ ವಸಂತಾ ಮನೆಗೆ ಬಂದಳು. ಮೈಸೂರಿನಲ್ಲಿ ದಂತವೈದ್ಯೆಯಾಗಿದ್ದವಳು, ಇಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಮಾನ್ಯಳ ಬಾಯಿ ತೆರೆಸಿ ನೋಡಿದಳು.

"ಆಂಟಿ, ಇಟ್ ಹರ್ಟ್ಸ್ ವೆನ್ ಐ ಈಟ್," ಎಂದಿತು ಮಗು.

"ಗೊತ್ತು ಪುಟ್ಟಾ." ವಸಂತಾ ಉಷಾಳ ಕಡೆ ತಿರುಗಿದಳು. "ನಾಲ್ಕು ಹಲ್ಲು ಹೋಗಿದೆ ಉಷಾ. ತೆಗೀಲೇಬೇಕಾಗತ್ತೆ. ಇಷ್ಟು ಚಿಕ್ಕೋಳಿಗೆ ಪೂರ್ತಿ ಅನಸ್ತೇಶಿಯಾ ಕೊಟ್ಟೇ ತೆಗೀಬೇಕು. ಆಸ್ಪತ್ರೇಲಿ ಸರದಿ ಬರೋಕೆ ಎರಡು ತಿಂಗಳಾದ್ರೂ ಆಗತ್ತೆ."

"ಹಾಲುಹಲ್ಲು ತಾನೇ? ಹೆಂಗೂ ಬಿದ್ದೋಗ್ತವೆ," ಎಂದ ಲಿಂಗರಾಜ.

"ಹಿಂದಿನವು ಬೀಳೋಕೆ ಇನ್ನೂ ನಾಲ್ಕು ವರ್ಷ ಇದೆ. ಅಲ್ಲೀವರೆಗೆ ಏನ್ ಅಗೀತಾಳೆ? ಉಜ್ಜೋಕೆ ಯಾವ ಪೇಸ್ಟ್ ಕೊಡ್ತೀರಿ?"

ಉಷಾ ಟ್ಯೂಬ್ ತಂದು ಕೊಟ್ಟಳು. ವಸಂತಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕ್ಯಾನಿನ ನೀರನ್ನು ನೋಡಿದಳು. ಮಲಗುವ ಮುಂಚೆ ಒಂದು ಲೋಟ ಜ್ಯೂಸ್ ಕೊಡುವ ವಿಷಯವೂ ಹೊರಬಿತ್ತು.

"ಎಲ್ಲಾ ಫ್ಲೋರೈಡ್ ಇಲ್ಲದ್ದರಿಂದ್ಲೇ ಆಯ್ತು ಅಂತ ನಾನು ಹೇಳಲ್ಲ. ಜ್ಯೂಸಿಂದೂ ಪಾಲಿದೆ," ಎಂದಳು. "ಆದ್ರೆ ಹಲ್ಲಿಗೆ ಕಾವಲಿರೋದನ್ನೆಲ್ಲ ನೀವೇ ಬಾಗಿಲಾಚೆ ನಿಲ್ಲಿಸಿದ್ದೀರಿ."

ಲಿಂಗರಾಜ ಕೆರಳಿದ. "ನೀವು ನಮ್ಮಕ್ಕನ ಕಾಲು ನೋಡಿಲ್ಲ. ಅದಕ್ಕೇ ಹಿಂಗೆ ಮಾತಾಡ್ತೀರಿ."

"ಅವ್ರನ್ನ ನೋಡಿಲ್ಲ. ಆದ್ರೆ ಕಾಲೇಜಲ್ಲಿದ್ದಾಗ ನಿಮ್ಮ ಕಡೆಗೇ ಕ್ಯಾಂಪಿಗೆ ಬಂದಿದ್ದೆ. ಅಂಥ ಕಾಲು ನೋಡಿ ಊಟ ಸೇರಿರಲಿಲ್ಲ ನಂಗೆ. ಅಲ್ಲಿ ಬೋರ್‌ವೆಲ್ ನೀರಲ್ಲಿ ಲೀಟರಿಗೆ ಮೂರು ಮಿಲಿಗ್ರಾಂ, ನಾಲ್ಕು ಮಿಲಿಗ್ರಾಂ ಇತ್ತು. ಒಂದೂವರೆ ದಾಟಬಾರ್ದು ಅಂತಾರೆ. ಇಲ್ಲಿ ಬೆರೆಸ್ತಿದ್ದಿದ್ದು ಒಂದರೊಳಗೆ. ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ಉಪ್ಪನ್ನೇ ಬಿಟ್ಟುಬಿಡ್ತೀರಾ ಲಿಂಗರಾಜ್?"

"ಲೆಕ್ಕ ಹೇಳ್ಬೇಡಿ ನಂಗೆ. ಅನುಭವಿಸ್ದೋರ್ನೇ ಕೇಳಿ," ಎಂದು ಲಿಂಗರಾಜ ಪಾವಗಡಕ್ಕೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಅಲ್ಲಿ ಆಗಿನ್ನೂ ಬೆಳಗಿನ ತಿಂಡಿಯ ಹೊತ್ತು.

"ಅಕ್ಕಾ, ಇಲ್ಲಿ ನೀರಿಗೆ ಫ್ಲೋರೈಡ್ ಹಾಕ್ಬೇಕು ಅಂತವ್ರೆ. ನಿನ್ನ ಕಾಲು ಏನಾಗೈತೆ ಅಂತ ಇವ್ರಿಗೆ ಸ್ವಲ್ಪ ಹೇಳು."

ಅಂಬುಜಾ ಕೇಳಿದಳು: "ಎಷ್ಟು ಹಾಕ್ತಾರಂತೆ?"

ಲಿಂಗರಾಜ ಫೋನನ್ನು ವಸಂತಾಳತ್ತ ಸರಿಸಿದ. ವಸಂತಾ ತಾನು ಹಲ್ಲಿನ ಡಾಕ್ಟರ್ ಎಂದು ತಿಳಿಸಿ, ಎರಡೂ ಕಡೆಯ ಲೆಕ್ಕ ಬಿಡಿಸಿ ಹೇಳಿದಳು.

"ನೋಡಪ್ಪಾ," ಎಂದಳು ಅಂಬುಜಾ. "ನಮ್ ಬೋರಿನ ನೀರು ಟೆಸ್ಟ್ ಮಾಡೋಕೆ ಬರೋ ಹೊತ್ಗೆ ನಂಗೆ ಮೂವತ್ತಾಗಿತ್ತು. ಅಲ್ಲೀವರ್ಗೂ ಎಷ್ಟೈತೆ ಅಂತ ಒಬ್ರೂ ಕೇಳ್ಲಿಲ್ಲ. ಬಂದೋರು ಪಂಪಿಗೆ ಕೆಂಪು ಬಣ್ಣ ಬಳ್ದು ಕುಡೀಬೇಡಿ ಅಂದ್ರು. ಅಷ್ಟೊತ್ಗೆ ಕುಡ್ದಾಗಿತ್ತಲ್ಲೋ. ನಿಂಗೆ ಓದೋಕೆ ಬರ್ತದೆ, ಹೇಳೋಕೆ ಡಾಕ್ಟ್ರಮ್ಮ ಮನೇಗೇ ಬಂದವ್ರೆ. ಒಂದ್ ಮಾತು ಕೇಳೋದು ಬಿಟ್ಟು ನನ್ ಕಾಲು ತೋರಿಸ್ಕೊಂಡು ತಿರುಗ್ತಿದೀಯಾ?" ಮತ್ತೆ ದನಿ ತಗ್ಗಿಸಿ, "ಮಗೀನ ಹಲ್ಲು ಹೆಂಗೈತೆ?" ಎಂದಳು.

ಲಿಂಗರಾಜನಿಗೆ ಅಕ್ಕನ ಮೇಲಿದ್ದ ಪ್ರೀತಿ ಸುಳ್ಳಲ್ಲ, ಅವಳ ನೋವೂ ಸುಳ್ಳಲ್ಲ. ಆದರೆ ಆ ನೋವಿನ ಹೆಸರಿನಲ್ಲಿ ತನ್ನ ಮಗಳ ಹಲ್ಲನ್ನು ತಾನೇ ಕೈಯಾರೆ ಕೆಡಿಸಿದ್ದ. ಅದನ್ನು ಒಪ್ಪಿಕೊಳ್ಳುವುದು ಅವನಿಗೆ ಬಹಳ ಕಷ್ಟವಾಯಿತು.

ಫೋನ್ ಇಟ್ಟ ಮೇಲೆ ಲಕೋಟೆ ಒಡೆದರು. ವಸಂತಾ "ನಾನು ಹೇಳ್ದೆ ಅಂತ ಹಾಕ್ಬೇಡಿ, ನೀವೇ ಓದಿ" ಎಂದು ಎದ್ದು ಹೋದಳು. ಗಂಡಹೆಂಡಿರು ಲ್ಯಾಪ್‌ಟಾಪ್ ಮುಂದೆ ಕೂತು ಎರಡೂ ಕಡೆಯವರ ವಾದ ಓದಿದರು. ಯಾರನ್ನೂ ಕೇಳದೆ ಎಲ್ಲರ ನೀರಿಗೂ ಬೆರೆಸುವುದು ಸರಿಯೇ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ ಎಂದು ಉಷಾಳಿಗೆ ಅನ್ನಿಸಿತು. ಆ ಮಾತನ್ನೂ ತೂಗಿ ನೋಡಿದಳು. ಅಲ್ಲಿಯವರೆಗೆ ಗಂಡ ಹೇಳಿದ ಕಡೆ ಸಹಿ ಹಾಕುತ್ತಿದ್ದಳು. ಈಗ ತನ್ನ ಹಾಳೆಯನ್ನು ಬೇರೆಯಾಗಿ ಇಟ್ಟುಕೊಂಡು, ತಾನೇ ಓದಿ, ತಾನೇ ಗುರುತು ಹಾಕಿದಳು. ಇಬ್ಬರದ್ದೂ "ಬೇಕು" ಎಂದೇ ಆಯಿತು.

ಆಮೇಲೆ ಲಿಂಗರಾಜ ಗುರುದತ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ.

"ಏನ್ ಲಿಂಗಣ್ಣ, ನಾವು ಪೋಸ್ಟ್ ಮಾಡಿ ಎರಡು ವಾರ ಆಯ್ತಲ್ಲ," ಎಂದ ಗುರುದತ್. "ನೀವು ಅತ್ರಿ, ನಾವು ಹಾಕಿದ್ವಿ. ಈಗ ವಾಪಸ್ ತಗೋಳೋಕಾಗತ್ತಾ?"

ಆಗುವುದಿಲ್ಲ. ಇನ್ನೆರಡು ಮನೆಯವರದ್ದೂ ಅದೇ ಉತ್ತರ. ಒಟ್ಟು ಆರು ಮತ. ಮತ ತಲುಪಲು ಶನಿವಾರವೇ ಕೊನೆಯ ದಿನ; ಮಂಗಳವಾರ ಬೆಳಗ್ಗೆ ಲಿಂಗರಾಜ ತಮ್ಮ ಎರಡು ಲಕೋಟೆಗಳನ್ನು ಪೋಸ್ಟ್ ಬಾಕ್ಸಿಗೆ ಹಾಕಿ ಬಂದ. ಎರಡು ಮತ ಒಂದು ಕಡೆಗೆ, ತಾನು ಹಾಕಿಸಿದ ಆರು ಇನ್ನೊಂದು ಕಡೆಗೆ. ಮನೆಯೊಳಗೆ ಮಾನ್ಯ ಕೆನ್ನೆ ಹಿಡಿದುಕೊಂಡು ಮೊಸರನ್ನ ತಿನ್ನುತ್ತಿದ್ದಳು. ಆಸ್ಪತ್ರೆಯ ಕಾಗದ ಇನ್ನೂ ಬಂದಿರಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಇಂಥ ಲಕೋಟೆ ನಿಮ್ಮ ಮನೆಗೂ ಬರುತ್ತದೆ. ಪಾಸ್‌ಪೋರ್ಟ್ ಇಂಡಿಯಾದ್ದೇ ಇರಲಿ, ರೆಸಿಡೆನ್ಸಿ ಸಿಕ್ಕಿ, ಇಲ್ಲಿ ಒಂದು ವರ್ಷ ವಾಸವಿದ್ದು, ಹೆಸರು ನೋಂದಾಯಿಸಿದವರಿಗೆ ಮತವಿದೆ. ಲಕೋಟೆಯನ್ನು ಬಂದ ದಿನವೇ ಒಡೆಯಿರಿ. ಎರಡೂ ಕಡೆಯವರ ಮಾತು ಓದಿ. ಎಷ್ಟು, ಯಾರಿಗೆ, ಯಾಕೆ ಎಂದು ತಿಳಿದವರನ್ನು ಕೇಳಿ. ಮನೆಯಲ್ಲಿ ಒಬ್ಬೊಬ್ಬರೂ ತಮ್ಮ ಹಾಳೆಯನ್ನು ತಾವೇ ತುಂಬಿ, ಕೊನೆಯ ದಿನಕ್ಕೆ ಕಾಯದೆ ಪೋಸ್ಟ್ ಮಾಡಿ. ಬೇಕೋ ಬೇಡವೋ, ಅದು ನಿಮ್ಮ ತೀರ್ಮಾನ. ಆದರೆ ಯಾರಾದರೂ ನಿಮ್ಮೆದುರು ಅತ್ತರೆ ಅವರ ಕಣ್ಣೊರೆಸಿ, ಜೊತೆಗೆ ಊಟ ಮಾಡಿ, ಮನೆಗೆ ಬಂದು ಓದಿಯೇ ಗುರುತು ಹಾಕಿ.