ಸತ್ತ ಡಾಕ್ಟರರ ಭೇಟಿ

ಹಾಲೇಶನ ಸಿಟ್ಟಿಗೆ ಆವತ್ತು ಮಧುಗಿರಿ ಬೆಟ್ಟವೇ ಕಾದು ಹೆಂಚಾಗಿತ್ತು. ಮೇಲೆ ಕೂತಿದ್ದ ಕೋತಿಗಳು ಕುಂಡೆ ಸುಟ್ಟುಕೊಂಡು ಕೆಳಗಿಳಿದವು. ಸುಳ್ಳೆನಿಸಿದರೆ ಕೋತಿಗಳನ್ನೇ ಕೇಳಿ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಡಾಕ್ಟರುಗಳ ಬಾಗಿಲಲ್ಲಿ ಮಾತ್ರೆ ಕಂಪನಿಯ ಚೀಲ ಹೊತ್ತು ನಿಂತು ನಿಂತು ಅವನ ನೆರಳೇ ಆ ಗೋಡೆಗಳಿಗೆ ಅಂಟಿಹೋಗಿತ್ತು. ಅಂಥ ಮೆಡಿಕಲ್ ರೆಪ್ಪಿಗೆ ಸುಳ್ಳುಗಾರನೆಂಬ ಪಟ್ಟ! ಕೊಡಿಗೇನಹಳ್ಳಿಯ ಡಾಕ್ಟರ್ ಲಕ್ಷ್ಮೀಪತಿ ತೀರಿಕೊಂಡು ತಿಂಗಳಾಗಿತ್ತು. ಕಂಪನಿಯ ಆ್ಯಪ್ ಮಾತ್ರ ದಿನಾ ‘ಭೇಟಿ ಬಾಕಿ’ ಎಂದು ಕೆಂಪಗೆ ಕಿರುಚುತ್ತಿತ್ತು. ಹೆಸರು ತೆಗೆಯಿರಿ ಎಂದರೆ ಬೆಂಗಳೂರಿನ ಮ್ಯಾನೇಜರ್ ಚೇತನ್ ಕುಮಾರ್ ಫೋನಿನಲ್ಲೇ ನಕ್ಕ.

“ತಿಪಟೂರಿನ ರೆಪ್ಪಿನ ಅಜ್ಜಿ ರಜೆಗೋಸ್ಕರ ಒಂದೇ ವರ್ಷದಲ್ಲಿ ಮೂರು ಸಲ ಸತ್ತಳು. ನೀನು ಡಾಕ್ಟರನ್ನೇ ಸಾಯಿಸ್ತಿದೀಯಾ? ನಾಳೆ ನಾನೇ ಬರ್ತೀನಿ. ಅವರ ಮುಂದೆ ನಿಲ್ಲಿಸು, ಇಲ್ಲಾಂದ್ರೆ ರಾಜೀನಾಮೆ ಬರೆದಿಡು.”

“ಬನ್ನಿ ಸಾರ್, ನಿಲ್ಲಿಸ್ತೀನಿ,” ಎಂದ ಹಾಲೇಶ. ಅವನು ಹಲ್ಲು ಕಡಿದ ಸದ್ದು ಹಿಂದೂಪುರದವರೆಗೂ ಕೇಳಿಸಿತು.

ಮರುದಿನ ಮ್ಯಾನೇಜರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯ ಒಂದು ಗುಂಡಿಯನ್ನೂ ಬಿಡಲಿಲ್ಲ. ಗುಂಡಿ ಇಲ್ಲದ ಕಡೆ ಹುಡುಕಿಕೊಂಡು ಹೋಗಿ ಬೈಕು ಇಳಿಸಿದ. ಕ್ಲಿನಿಕ್ಕಿನ ಮುಂದೆ ನಿಲ್ಲದೆ ನೇರ ಡಾಕ್ಟರ ಹೊಲಕ್ಕೇ ನುಗ್ಗಿದ. ಬೇವಿನ ಮರದಡಿ ಮಣ್ಣಿನ ದಿಬ್ಬ, ಮೇಲೊಂದು ಒಣಗಿದ ಹಾರ. ಡಾಕ್ಟರ ಹೆಂಡತಿ ರಾಜಲಕ್ಷ್ಮಮ್ಮ ದೀಪ ಹಚ್ಚುತ್ತಿದ್ದರು.

“ಯಾರಪ್ಪಾ ಹಾಲೇಶ, ಇವ್ರು?”

“ನಮ್ ಮ್ಯಾನೇಜರ್ರು ಕಣಮ್ಮ. ಡಾಕ್ಟ್ರು ತೀರ್ಕೊಂಡವ್ರೆ ಅಂದ್ರೆ ನಂಬ್ನಿಲ್ಲ. ನೋಡೋಕ್ ಬಂದವ್ರೆ.”

ರಾಜಲಕ್ಷ್ಮಮ್ಮ ಬೆಂಕಿಪೊಟ್ಟಣ ಕೆಳಗಿಟ್ಟರು. “ನಂಬ್ನಿಲ್ವಾ? ಗುಡಿಸ್ಲಲ್ಲಿ ಗುದ್ದಲಿ ಐತೆ, ತಗೊಂಬಾರಪ್ಪ. ಅಗೆದೇ ನೋಡ್ಲಿ! ಊರ್ಗೆಲ್ಲ ಸೂಜಿ ಚುಚ್ಚಿದ್ ಮನ್ಸ, ಎದ್ದು ಇವ್ರಿಗೂ ಒಂದ್ ಚುಚ್ಲಿ!”

ಮ್ಯಾನೇಜರನ ಟೈ ತಾನಾಗಿಯೇ ಬಿಗಿಯಿತು. “ಸಾರಿ ಅಮ್ಮ…” ಎನ್ನುತ್ತ ಹಿಂದೆ ಹಿಂದೆ ಸರಿದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಬದುಕುತ್ತಿದ್ದ. ಸಮಾಧಿಗೆ ಕೈ ಕೂಡ ಮುಗಿಯದೆ, ಅಲ್ಲೇ ನೆರಳಲ್ಲಿ ಫೋನ್ ತೆಗೆದು ಡಾಕ್ಟರ ಹೆಸರು ಅಳಿಸಿದ.

“ಸರಿ, ನಿನ್ನ ಕೆಲಸ ಉಳೀತು. ಇವರ ಜಾಗಕ್ಕೆ ಸಂಜೆಯೊಳಗೆ ಬೇರೆ ಡಾಕ್ಟರನ್ನ ಹುಡುಕು. ಡಾಕ್ಟರ್ ಸತ್ರೂ ಟಾರ್ಗೆಟ್ ಸಾಯಲ್ಲ, ಹಾಲೇಶ್.”

ಹಾಲೇಶ ಚೀಲವನ್ನು ಅವನ ಮಿರಮಿರ ಮಿಂಚುವ ಬೂಟಿನ ಮೇಲೆ ದೊಪ್ಪನೆ ಇಳಿಸಿದ. “ನೀವೇ ಹುಡುಕ್ಕಳಿ. ಕೆಲ್ಸ ಬುಟ್ಟೆ.”

“ಏಯ್, ನಾನು ವಾಪಸ್ ಹೆಂಗೋ ಹೋಗ್ಲಿ?”

“ಬಸ್ಸೈತೆ. ಬಸ್ ಸ್ಟ್ಯಾಂಡ್ ಗಂಟ ಬಿಸ್ಲಲ್ಲಿ ಹಂಗೇ ನಡ್ಕಂಡ್ ಹೋಗಿ.”

ಆವತ್ತು ಆ ಬೈಕು ಎಬ್ಬಿಸಿದ ಧೂಳು ಪಾವಗಡದ ಸೋಲಾರ್ ಹಲಗೆಗಳ ಮೇಲೆಲ್ಲ ಕೂತು, ಸಂಜೆಯವರೆಗೆ ಒಂದು ಬಲ್ಬಿಗಾಗುವಷ್ಟೂ ಕರೆಂಟು ಹುಟ್ಟಲಿಲ್ಲ.