ಭುಜದ ಅಳತೆ

"ಆ ಕಾಗದ ತೆಗೆದು ಬೂಟು ಹಾಕ್ಕೊ," ಎಂದರು ಅಳತೆಗೋಲು ಹಿಡಿದಿದ್ದ ದೋನ್ ಮಾರ್ಸಿಯಾಲ್.

ಒಬ್ದೂಲಿಯೊ ಕಾಲು ಹಿಂದೆಳೆದುಕೊಂಡ. "ಯಾವ ಕಾಗದ?"

"ಬೂಟಿನೊಳಗೆ ತುರುಕಿದೀಯಲ್ಲ, ಅದು. ಮದುಮಗಳ ಥರ ಹೆಜ್ಜೆ ಇಡ್ತಿದ್ರೆ ಗೊತ್ತಾಗಲ್ವೇನೋ?"

ಆಂಟಿಗುವಾದ ಚರ್ಚಿನ ಅಂಗಳದಲ್ಲಿ ಸಾಲು ನಿಂತಿದ್ದ ಗಂಡಸರೆಲ್ಲ ಗೊಳ್ಳೆಂದರು. ಈಸ್ಟರಿಗೆ ಮುಂಚಿನ ಪವಿತ್ರ ವಾರದ ಮೆರವಣಿಗೆಯಲ್ಲಿ ಕ್ರಿಸ್ತನ ಮೂರ್ತಿಯ ಪಲ್ಲಕ್ಕಿ ಹೊರುವವರು ಅವರು. ಭುಜದ ಎತ್ತರ ಅಳೆದು, ಸರಿಸಮ ಇರುವವರನ್ನು ಒಂದೇ ಸಾಲಿಗೆ ಹಾಕುತ್ತಾರೆ. ಒಬ್ದೂಲಿಯೊನದು ನೂರ ನಲವತ್ತೆಂಟು ಸೆಂಟಿಮೀಟರಿನ ಸಾಲು. ಅವನ ಅಪ್ಪ ಸಾಯುವ ತನಕ ಹೊತ್ತಿದ್ದೂ ಅದರಲ್ಲೇ.

"ನೂರ ನಲವತ್ತೈದು," ಕಾಗದ ತೆಗೆಸಿ ಅಳೆದ ದೋನ್ ಮಾರ್ಸಿಯಾಲ್ ಗಟ್ಟಿಯಾಗಿ ಓದಿದರು. "ನೆಟ್ಟಗೆ ನಿಲ್ಲೋ."

ಉಸಿರು ಬಿಗಿಹಿಡಿದು ನಿಂತ. ನೂರ ನಲವತ್ತೈದೇ.

ಹಿಂದಿನಿಂದ ಹೆಂಡತಿಯ ತಮ್ಮ ನೆರಿ ಕೂಗಿದ: "ಭಾವಾ, ನಮ್ಮಕ್ಕ ನಿನ್ನನ್ನೂ ಒಗೆದು ಹಿಂಡಿ ಒಣಗ್ಹಾಕಿದ್ಲಾ? ಕುಗ್ಗಿಹೋಗಿದೀಯಲ್ಲ!"

ಮತ್ತೆ ನಗು. ಒಬ್ದೂಲಿಯೊ ಬಸ್ಸು ಓಡಿಸುವವನು. ನಾಲ್ಕು ತಿಂಗಳಿಂದ ಕೊನೆಯ ನಿಲ್ದಾಣದಲ್ಲಿ ಜನ ಇಳಿದ ಮೇಲೆ ಸ್ಟೀರಿಂಗಿಗೆ ತಲೆಯಿಟ್ಟು ಅಳುತ್ತಿದ್ದ. ಈಚೆಗೆ ಯಾರಾದರೂ ಸತ್ತಿದ್ದರೆ ಹೇಳಿಕೊಳ್ಳಬಹುದಿತ್ತು. ಕೆಲಸವಿತ್ತು, ಮಕ್ಕಳು ಚೆನ್ನಾಗಿದ್ದರು. ಕಾರಣವಿಲ್ಲದೆ ಅಳುವ ಗಂಡಸಿಗೆ ಈ ಲೋಕದಲ್ಲಿ ಎಲ್ಲಿದೆ ಜಾಗ? ಹೆಂಡತಿ ಎಲ್ವಿರ ಕೇಳಿದಾಗಲೆಲ್ಲ ಬೆನ್ನು ನೋವು ಎನ್ನುತ್ತಿದ್ದ.

"ಹೋದ ವರ್ಷದ್ದೇ ಬರೆದುಬಿಡಿ, ದೋನ್," ಪಿಸುಗುಟ್ಟಿದ. "ಅಪ್ಪ ನಿಂತ ಸಾಲು ಅದು. ಅದೂ ಹೋದ್ರೆ ನನ್ನ ಹತ್ರ ಇನ್ನೇನೂ ಉಳಿಯಲ್ಲ."

"ಸುಳ್ಳು ಬರೆಯಲ್ಲಪ್ಪ. ಆ ಸಾಲಲ್ಲಿ ಪಲ್ಲಕ್ಕಿ ತೊಲೆ ನಿನ್ನ ಹೆಗಲಿಗೆ ತಾಗೋದೇ ಇಲ್ಲ. ನಿನ್ನ ಭಾರ ಪಕ್ಕದವನು ಹೊರಬೇಕಾಗುತ್ತೆ." ಮುದುಕರ ದನಿ ತಗ್ಗಿತು. "ಮೂವತ್ತು ವರ್ಷದಿಂದ ಅಳೀತಿದೀನಿ. ನಿನ್ನ ವಯಸ್ಸಿಗೆ ಮೂಳೆ ಇಷ್ಟು ಇಳಿಯಲ್ಲ. ಏನಾಗಿದೆಯೋ ಮಗನೇ?"

ಬೆನ್ನು ನೋವು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ. "ಅಳು ಬರುತ್ತೆ, ದೋನ್. ದಿನಾ. ಯಾಕೆ ಅಂತ ನಂಗೂ ಗೊತ್ತಿಲ್ಲ. ಬೆಳಗಾದ್ರೆ ಎದ್ದೇಳೋದೇ ಬೇಡ ಅನ್ಸುತ್ತೆ."

ಸಾಲಿನಲ್ಲಿ ಯಾರೂ ನಗಲಿಲ್ಲ. ಕೆಲವರು ನೆಲ ನೋಡಿದರು. ನೆರಿಯ ಮುಖ ಕಪ್ಪಿಟ್ಟಿತು. ನಾಲ್ಕು ಜನರನ್ನು ತಳ್ಳಿಕೊಂಡು ಬಂದು ಅಳತೆಗೋಲಿಗೆ ಬೆನ್ನು ಕೊಟ್ಟು ನಿಂತ. ಎಲ್ಲರಿಗೂ ಕಾಣುವ ಹಾಗೆ ಮಂಡಿ ಬಗ್ಗಿಸಿದ್ದ.

"ನೆಟ್ಟಗೆ ನಿಂತಿದೀಯೇನೋ?" ದೋನ್ ಮಾರ್ಸಿಯಾಲ್ ಕೇಳಿದರು.

"ನೆಟ್ಟಗೇ ಇದೀನಿ. ಅಳೀರಿ."

"ಗಿಡ್ಡರ ಸಾಲಲ್ಲಿ ಉದ್ದದವನು ನಿಂತ್ರೆ ಅರ್ಧ ಭಾರ ಅವನ ಹೆಗಲಿಗೇ ಬರುತ್ತೆ. ಗೊತ್ತಲ್ಲ?"

"ಗೊತ್ತು."

ಸುಳ್ಳು ಬರೆಯದ ಮುದುಕರು ನೆರಿಯ ಹೆಸರಿನ ಮುಂದೆಯೂ ನೂರ ನಲವತ್ತೈದು ಎಂದು ಬರೆದರು.

ಒಬ್ದೂಲಿಯೊ ಅಲ್ಲೇ, ಹಾಡಹಗಲಲ್ಲಿ, ಅಷ್ಟು ಗಂಡಸರ ಎದುರು ಅಳತೊಡಗಿದ. ಬೇಗ ಮುಂದೆ ಹೋಗು ಎಂದು ಯಾರೂ ಅನ್ನಲಿಲ್ಲ. ನೆರಿ ಅವನ ತೋಳು ಹಿಡಿದುಕೊಂಡ.

"ನಡಿ ಭಾವ, ಮೊದಲು ಅಕ್ಕಂಗೆ ಹೇಳೋಣ. ಪಾಪ, ನಾಲ್ಕು ತಿಂಗಳಿಂದ ನಿನ್ನ ಬೆನ್ನಿಗೆ ಮುಲಾಮು ತಿಕ್ತಾನೇ ಇದಾಳೆ."