ಭಾಳ ಮಂದಿ ಇದ್ದ ಬಜಾರ

ಶಹಾಪುರದಿಂದ ಏಜೆಂಟ್ ಸಂಜೀವಕುಮಾರ ಫೋನ್ ಮಾಡಿ, "ಬಜಾರದಾಗ ಭಾಳ ಮಂದಿ ಅದರಿ," ಅಂದಾಗ ನನಗೆ ಖುಷಿಯೇ ಆಯಿತು. ನಮ್ಮಲ್ಲಿ ಮಂದಿ ಎಂದರೆ ಜನ. ಮ್ಯೂಚುವಲ್ ಫಂಡಿಗೆ ಜನ ಮುಗಿಬಿದ್ದಿದ್ದಾರೆ, ಒಳ್ಳೆ ದರ ಸಿಗುತ್ತದೆ ಎಂದು ಅಕ್ಕ ಮಾಳಮ್ಮನಿಗೆ ಹೇಳಿದೆ. ಟಗರು ಮಾರಿದ ದುಡ್ಡನ್ನೆಲ್ಲ ಅವಳು ಸಂಜೀವಕುಮಾರನ ಕೈಯಿಂದಲೇ ಎರಡು ಫಂಡಿನಲ್ಲಿ ಹಾಕಿಸಿದ್ದಳು. ಕುರಿ ನಿಲ್ಲಿಸಲು ತನ್ನದೇ ಹೊಲ ಬೇಕೆಂಬುದು ಅವಳ ಆಸೆ. ಕೆಂಭಾವಿಯ ಬಾಲಪ್ಪ ಹೊಲ ಮಾರಲು ತಯಾರಿದ್ದ.

ದುಡ್ಡು ಬಿಡಿಸಲು ಹೋದಾಗ ಗೊತ್ತಾಯಿತು, ವ್ಯಾಪಾರಸ್ಥರ ಬಾಯಲ್ಲಿ ಮಂದಿ ಎಂದರೆ ದರ ಬಿದ್ದಿದೆ ಎಂದರ್ಥ. ಹಾಕಿದ್ದಕ್ಕಿಂತ ಕಡಿಮೆಯಾಗಿತ್ತು. ಸಂಜೀವಕುಮಾರನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಉಳಿದದ್ದಾದರೂ ಈಗಲೇ ಬಿಡಿಸಿಕೊಡು ಎಂದು ಗದರಿದೆ.

"ತಮ್ಮಾ, ಕುಂದ್ರು. ನಿನ್ನ ಸಿಟ್ಟಿಗೆ ದರ ಏರೂದಿಲ್ಲ," ಎಂದಳು ಅಕ್ಕ.

ಎಲ್ಲರದೂ ಬಿದ್ದಿದೆಯೋ, ನಮ್ಮದಷ್ಟೇ ಬಿದ್ದಿದೆಯೋ ಎಂದು ಅವನನ್ನು ಕೇಳಿದಳು. ಎಲ್ಲರದೂ ಎಂದ. ನಮ್ಮ ಎರಡರಲ್ಲಿ? ಮೊದಲನೆಯದು ಬಜಾರಿನಷ್ಟೇ ಬಿದ್ದಿತ್ತು, ಎರಡನೆಯದು ಇನ್ನೂ ಜಾಸ್ತಿ. ಅದನ್ನು ನೋಡಿಕೊಳ್ಳುವವರು ಪದೇ ಪದೇ ಬದಲಾಗಿದ್ದರು. ಅವರು ಮುರಿದುಕೊಳ್ಳುವ ಕೂಲಿಯೂ ದುಬಾರಿ.

"ಆದ್ರ ಹೋದ ವರ್ಷ ಅದೇ ಎಲ್ಲಾದಕ್ಕಿಂತ ಮ್ಯಾಲಿತ್ತರಿ, ಅಕ್ಕಾರ," ಎಂದು ರಾಗ ಎಳೆದ.

"ಮಳಿಗಾಲದಾಗ ಎಲ್ಲಾರ ಕುರಿನೂ ಮೈ ತುಂಬಿರ್ತಾವ. ಕಾಯಾಂವ ಎಂಥಾಂವ ಅಂಬೋದು ಬ್ಯಾಸಗ್ಯಾಗ ಗೊತ್ತಾಗ್ತದ."

ನಮ್ಮಲ್ಲಿ ಬೇರೆಯವರ ಹಿಂಡಿಗೆ ಕುರಿ ಬಿಡುವ ಮುಂಚೆ, ಸುಡು ಬೇಸಿಗೆಯಲ್ಲಿ ಹೋಗಿ ಆ ಹಿಂಡಿನ ಕುರಿಗಳ ಮೈಯಲ್ಲಿ ಮಾಂಸ ಉಳಿದಿದೆಯೇ ಎಂದು ಬೆನ್ನು ಒತ್ತಿ ನೋಡುತ್ತಾರೆ. ನಾನೂ ಒತ್ತಿದವನೇ. ಫಂಡಿನ ಬೆನ್ನನ್ನೂ ಒತ್ತಬಹುದೆಂದು ನನ್ನ ತಲೆಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆಯಿತು.

ಎರಡನೆಯದನ್ನು ಬಿಡಿಸಿ ಮೊದಲನೆಯದಕ್ಕೆ ಹಾಕಿಸಿದಳು. ಇದೂ ಇನ್ನಷ್ಟು ಬಿದ್ದರೆ ಎಂದು ಕೇಳಿದೆ.

"ಬೀಳಬಹುದು. ಮಳಿ ನನ್ನ ಕೈಯಾಗಿಲ್ಲ. ಕಾಯಾಂವನ್ನ ಬದಲ ಮಾಡೋದು ನನ್ನ ಕೈಯಾಗದ."

ಬರುತ್ತ ಕೆಂಭಾವಿಯಲ್ಲಿ ಇಳಿದು, ಈ ವರ್ಷ ಹೊಲ ಬೇಡವೆಂದು ಬಾಲಪ್ಪನಿಗೆ ತಾನೇ ಹೇಳಿದಳು.

"ಯಾಕ ಮಾಳಮ್ಮ, ಶೇರು ರೊಕ್ಕ ನುಂಗಿತೇನು?" ಎಂದು ಅವನು ಹಲ್ಲು ಕಿರಿದ.

"ಇಲ್ಲ ಮಾವಾ, ಮೇಯಾಕ ಬಿಟ್ಟೀನಿ. ಬ್ಯಾರೇದವ್ರಿಗೆ ಹೊಲ ಕೊಡೋದಿದ್ರ ಕೊಡು. ನಾ ಅರಗಿನ್ಯಾಗ ಮಾರಿ ತಗೊಳ್ಳಾಕಿ ಅಲ್ಲ."

ಅರಗು ಎಂದರೆ ನಷ್ಟ. ನಾನಾಗಿದ್ದರೆ ಹೊಲ ನಮಗಾಗಿ ಇಟ್ಟುಕೊಂಡಿರು ಎಂದು ಅವನಿಗೆ ಕೈ ಮುಗಿಯುತ್ತಿದ್ದೆ. ಅವಳು ಅವನು ತರಿಸಿದ ಚಹಾ ಕುಡಿದು, ಈ ಸಲದ ಜೋಳದ ಬೆಳೆ ಹೇಗಿದೆ ಎಂದು ವಿಚಾರಿಸತೊಡಗಿದಳು.